ಗಾಳಿಯ ಉಳಿಯನ್ನು ಹಿಡಿದ ಮೊದಲ ತಿಂಗಳುಗಳು

ಲೋಹದ ಮೇಲೆ ಬಳ್ಳಿ, ಎಲೆಗಳನ್ನು ಕೆತ್ತಲು ಗಾಳಿಯ ಒತ್ತಡದಿಂದ ನಡೆಯುವ ಉಪಕರಣವನ್ನು ಕೊಳ್ಳುವಾಗ, ಇನ್ನು ಗೆರೆಗಳು ತಾವಾಗಿಯೇ ನುಣುಪಾಗುತ್ತವೆ ಎಂದು ನಾನು ನಂಬಿದ್ದೆ. ಉಳಿಯನ್ನು ಸಿಕ್ಕಿಸಿ ಕೈಯಲ್ಲಿ ಹಿಡಿಯುವ ಹ್ಯಾಂಡ್‌ಪೀಸಿನೊಳಗಿನ ಪುಟ್ಟ ಪಿಸ್ಟನ್ ನಿಮಿಷಕ್ಕೆ ನೂರಾರು, ಕೆಲವೊಮ್ಮೆ ಸಾವಿರಾರು ಸಲ ಬಡಿದು ಉಳಿಯನ್ನು ಮುಂದೆ ಸಾಗಿಸುತ್ತದೆ. ಸುತ್ತಿಗೆಯಿಂದ ಹೊಡೆಯುವ ಅಥವಾ ಅಂಗೈಯಿಂದ ತಳ್ಳುವ ಶ್ರಮವನ್ನು ಅದು ವಹಿಸಿಕೊಳ್ಳುತ್ತದೆ, ಅಷ್ಟೇ. ದಿಕ್ಕು, ಆಳ, ಮೊನೆಯ ಹರಿತ ಇವೆಲ್ಲ ಕೆತ್ತುವವರ ಹೊಣೆಯಾಗಿಯೇ ಉಳಿಯುತ್ತವೆ.

ಉಪಕರಣಕ್ಕೆ ಒತ್ತಡದ ಗಾಳಿ ಒದಗಿಸುವ ಕಂಪ್ರೆಸರ್ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಒತ್ತಡವನ್ನು ಹೊಂದಿಸುವ ರೆಗ್ಯುಲೇಟರ್, ತೇವವನ್ನು ತಡೆಯುವ ಫಿಲ್ಟರ್ ಇರಲಿ. ಗಂಟೆಗಟ್ಟಲೆ ಪಕ್ಕದಲ್ಲಿ ಕುಳಿತು ಕೆಲಸ ಮಾಡಬೇಕಾದ್ದರಿಂದ ಸದ್ದು ಕಡಿಮೆಯಿರುವುದನ್ನೇ ಆರಿಸಿಕೊಳ್ಳುವುದು ಮೇಲು.

ನನ್ನನ್ನು ನಿಜವಾಗಿ ಕಾಡಿದ್ದು ಸಾಣೆ. ಆರಂಭಕ್ಕೆ ಸಾಮಾನ್ಯವಾಗಿ ಸೂಚಿಸುವ ಉಳಿಯೆಂದರೆ 120 ಡಿಗ್ರಿಯ ವಿ ಆಕಾರದ್ದು. ಅದರ ಮುಖವನ್ನು ಸುಮಾರು 45 ರಿಂದ 50 ಡಿಗ್ರಿಗೆ ಉಜ್ಜಿ, ತಳದಲ್ಲಿ 15 ರಿಂದ 20 ಡಿಗ್ರಿಯ ಎರಡು ಸಣ್ಣ ಪಟ್ಟಿಗಳನ್ನು ತೆಗೆಯುತ್ತಾರೆ. ಈ ಪಟ್ಟಿಗಳನ್ನು ಉಳಿಯ ಹಿಮ್ಮಡಿ ಎನ್ನಬಹುದು. ನಾನು ಅವನ್ನು ಒಂದು ಮಿಲಿಮೀಟರಿಗಿಂತ ಉದ್ದ ಬಿಟ್ಟಿದ್ದೆ. ನೇರ ಗೆರೆಗಳಲ್ಲಿ ಏನೂ ತಿಳಿಯಲಿಲ್ಲ. ಬಳ್ಳಿ ಬಿಗಿಯಾಗಿ ಸುತ್ತಿಕೊಳ್ಳುವ ಜಾಗಕ್ಕೆ ಬಂದಾಗ ಮಾತ್ರ, ಮೊನೆ ತಿರುಗಿದರೂ ಹಿಂದಿರುವ ಹಿಮ್ಮಡಿ ಹೊರಕ್ಕೆ ಚಾಚಿ, ಗೆರೆಯ ಹೊರ ಅಂಚನ್ನು ಜಜ್ಜಿ ಮಂಕಾಗಿಸುತ್ತಿತ್ತು. ಎಷ್ಟೋ ದಿನ ಕೈಯನ್ನು ದೂರಿದ ಮೇಲೆ, ಹಿಮ್ಮಡಿಯನ್ನು ಕಾಲು ಮಿಲಿಮೀಟರಿನಷ್ಟಕ್ಕೆ ಇಳಿಸಿ ಮಿರುಗುವಂತೆ ಹೊಳಪು ಕೊಟ್ಟೆ. ಅದೇ ತಿರುವಿನ ಗೋಡೆಗಳು ಕನ್ನಡಿಯಂತೆ ಬೆಳಗಿದವು.

ಮೊನೆ ಮುರಿದದ್ದು ಬರಿಗಣ್ಣಿಗೆ ಕಾಣುವುದಿಲ್ಲ. ದೀಪದ ಕೆಳಗೆ ಉಳಿಯನ್ನು ನಿಧಾನವಾಗಿ ತಿರುಗಿಸಿ ಭೂತಗನ್ನಡಿಯಲ್ಲಿ ನೋಡಿದಾಗ ತುದಿಯಲ್ಲಿ ಬೆಳಕಿನ ಚುಕ್ಕೆಯೊಂದು ಮಿನುಗಿದರೆ ಮೊನೆ ಹೋಗಿದೆ ಎಂದರ್ಥ, ಏಕೆಂದರೆ ಹರಿತವಾದ ತುದಿಯಲ್ಲಿ ಬೆಳಕು ಪ್ರತಿಫಲಿಸುವಷ್ಟು ಜಾಗವೇ ಇರುವುದಿಲ್ಲ. ಹೆಬ್ಬೆರಳಿನ ಉಗುರಿನ ಮೇಲೆ ಹಗುರವಾಗಿ ಇಟ್ಟರೂ ಸಾಕು: ಹರಿತವಾಗಿದ್ದರೆ ಕಚ್ಚಿಕೊಳ್ಳುತ್ತದೆ, ಇಲ್ಲವಾದರೆ ಜಾರುತ್ತದೆ. ಈಗ ಸಂಶಯ ಬಂದ ಕೂಡಲೇ ಸಾಣೆಗೆ ಮರಳುತ್ತೇನೆ. ಮೊಂಡು ಉಳಿಗೆ ಒತ್ತಡ ಹೆಚ್ಚಿಸಿದರೆ ಅದು ಜಾರಿ, ಮುಗಿದ ಕೆಲಸದ ಮೇಲೆಯೇ ಗೀರು ಎಳೆಯುತ್ತದೆ. (ಆ ಗೀರನ್ನು ಮುಚ್ಚಲೆಂದೇ ನನ್ನ ಒಂದು ತಗಡಿನಲ್ಲಿ ಅನಗತ್ಯವಾದ ಎಲೆಯೊಂದು ಹುಟ್ಟಿದೆ.)

ಅಭ್ಯಾಸಕ್ಕೆ ತಾಮ್ರ ಮೆತ್ತಗಿದೆಯೆಂದು ಅದರಿಂದ ತೊಡಗಿದ್ದೆ. ಆದರೆ ಅದು ಉಳಿಗೆ ಅಂಟಿದಂತಾಗುತ್ತದೆ. ಮೃದು ಉಕ್ಕಿನ ತಗಡು ತುಸು ಗಟ್ಟಿಯಾದರೂ ಗೆರೆಯನ್ನು ಶುದ್ಧವಾಗಿ ತೋರಿಸುತ್ತದೆ. ಕಣ್ಣಿಗೆ ರಕ್ಷಣೆಯ ಕನ್ನಡಕ ಬೇಕೇ ಬೇಕು.

ಇನ್ನೊಂದು ಅಭ್ಯಾಸ ಕೈಗೆ ಹತ್ತಲು ತಿಂಗಳುಗಳೇ ಹಿಡಿದವು: ತಿರುವಿನಲ್ಲಿ ಉಳಿ ಹಿಡಿದ ಬಲಗೈ ಬಹುತೇಕ ನಿಂತಲ್ಲೇ ಇದ್ದು, ಎಡಗೈ ಗುಂಡು ವೈಸನ್ನು (ತಗಡನ್ನು ಕಚ್ಚಿ ಹಿಡಿದು ಸುತ್ತ ತಿರುಗುವ ಹಿಡಿಕೆಯನ್ನು) ತಿರುಗಿಸಿ ಲೋಹವನ್ನೇ ಉಳಿಯ ಬಾಯಿಗೆ ಒಡ್ಡಬೇಕು. ಆಗ ಗಾಳಿಯನ್ನು ಹತೋಟಿಯಲ್ಲಿಡುವ ಪೆಡಲನ್ನು ಕಾಲು ಮೆಲ್ಲನೆ ಒತ್ತುತ್ತಿದ್ದಂತೆ, ಕೂದಲೆಳೆಯಷ್ಟು ತೆಳುವಾದ ಲೋಹದ ಸುರುಳಿ ಮೊನೆಯ ಮುಂದೆ ತಡೆಯಿಲ್ಲದೆ ಏಳುತ್ತ ಹೋಗುತ್ತದೆ.