ಕೊನೆಯ ಹಾಳೆಯಲ್ಲಿರುವ ಐದು ತಾರೀಖುಗಳು

ನನ್ನ ಹಳೆಯ ಸತ್ಯವೇದದ (ಬೈಬಲಿನ) ಕೊನೆಯ ಖಾಲಿ ಹಾಳೆಯಲ್ಲಿ ಐದು ತಾರೀಖುಗಳಿವೆ. ಅವುಗಳಲ್ಲಿ ನಾಲ್ಕನ್ನು ನಾನೇ ಗೀಟು ಎಳೆದು ಹೊಡೆದುಹಾಕಿದ್ದೇನೆ. ಒಂದೊಂದೂ ಯೇಸುವನ್ನು ರಕ್ಷಕನೆಂದು ಅಂಗೀಕರಿಸಿ ನಾನು ಪ್ರಾರ್ಥಿಸಿದ ದಿನ. ಮೊದಲ ಸಲ ಪಶ್ಚಾತ್ತಾಪ ಸಾಲದೆ ಹೋಯಿತೇನೋ ಎಂಬ ಅನುಮಾನದಿಂದ ಎರಡನೆಯದು, ಆಗ ಕಣ್ಣೀರು ಬರಲಿಲ್ಲವೆಂದು ಮೂರನೆಯದು. ಹೀಗೆ ಕೂಟದಲ್ಲಿ ಪ್ರಸಂಗಿಗಳು ಯೇಸುವನ್ನು ಅಂಗೀಕರಿಸುವವರು ಕೈ ಎತ್ತಲಿ ಎಂದು ಹೇಳಿದಾಗಲೆಲ್ಲ ನನ್ನ ಕೈ ಮೇಲೇಳುತ್ತಿತ್ತು, ಮನೆಗೆ ಬಂದ ಮೇಲೆ ಹಿಂದಿನ ತಾರೀಖಿನ ಮೇಲೆ ಗೀಟು ಬೀಳುತ್ತಿತ್ತು. ರಕ್ಷಣೆ ಕೃಪೆಯಿಂದಲೇ, ಕ್ರಿಯೆಗಳಿಂದಲ್ಲ ಎಂಬುದನ್ನು ಬಾಯಿಪಾಠ ಮಾಡಿದ್ದ ನಾನು ನನ್ನ ಪ್ರಾರ್ಥನೆಯನ್ನೇ ಒಂದು ಕ್ರಿಯೆಯನ್ನಾಗಿ ಮಾಡಿಕೊಂಡಿದ್ದೆ.

ಈ ಗಂಟು ಸಡಿಲವಾದದ್ದು ಯೋಹಾನನ ಮೊದಲನೆಯ ಪತ್ರಿಕೆಯ ಐದನೆಯ ಅಧ್ಯಾಯವನ್ನು ನಿಧಾನವಾಗಿ ಓದಿದಾಗ. ದೇವಕುಮಾರನ ಹೆಸರಿನಲ್ಲಿ ನಂಬಿಕೆಯಿಟ್ಟಿರುವ ನಿಮಗೆ ನಿತ್ಯಜೀವ ಉಂಟೆಂದು ಗೊತ್ತಾಗಬೇಕೆಂದೇ ಇದನ್ನು ಬರೆದಿದ್ದೇನೆ ಎನ್ನುತ್ತಾನೆ ಅವನು. ‘ಗೊತ್ತಾಗಬೇಕು’ ಎಂದಿದೆಯೇ ಹೊರತು ‘ಅನ್ನಿಸಬೇಕು’ ಎಂದಿಲ್ಲ. ಅದರ ಹಿಂದಿನ ವಚನವೋ ಇನ್ನೂ ಸರಳ: ಮಗನು ಯಾರಿಗಿದ್ದಾನೋ ಅವನಿಗೆ ಜೀವವಿದೆ. ಅಲ್ಲಿ ತಾರೀಖನ್ನು ಯಾರೂ ಕೇಳುತ್ತಿಲ್ಲ. ಕ್ರಿಸ್ತನನ್ನು ಈಗ ನೆಚ್ಚಿಕೊಂಡಿದ್ದೇನೆಯೇ ಎಂಬುದಷ್ಟೇ ಪ್ರಶ್ನೆ.

ಮೆಥೊಡಿಸ್ಟ್ ಪಂಥಕ್ಕೆ ಬುನಾದಿ ಹಾಕಿದ ಇಂಗ್ಲಿಷ್ ಬೋಧಕ ಜಾನ್ ವೆಸ್ಲಿ ತನ್ನ ನಂಬಿಕೆಯ ಬಗ್ಗೆ ಹೇಳಿಕೊಂಡ ಸಾಕ್ಷಿಯನ್ನು ನಾವು ಸಾಮಾನ್ಯವಾಗಿ ಅರ್ಧಕ್ಕೇ ನಿಲ್ಲಿಸುತ್ತೇವೆ. 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟವೊಂದರಲ್ಲಿ, ರೋಮಾಪುರದವರ ಪತ್ರಿಕೆಗೆ ಜರ್ಮನಿಯ ಮತಸುಧಾರಕ ಲೂಥರ್ ಬರೆದ ಮುನ್ನುಡಿಯನ್ನು ಓದುವುದು ಕೇಳಿಸಿಕೊಳ್ಳುತ್ತಿದ್ದಾಗ ಅವನ ಹೃದಯ ಬೆಚ್ಚಗಾಯಿತು, ತನ್ನ ಪಾಪಗಳೂ ಕ್ಷಮಿಸಲ್ಪಟ್ಟವೆಂಬ ನಿಶ್ಚಯ ಉಂಟಾಯಿತು. ಅದೇ ವೆಸ್ಲಿ 1739ರ ಜನವರಿ 4ರಂದು, ಅಂದರೆ ಎಂಟು ತಿಂಗಳು ತುಂಬುವ ಮೊದಲೇ, ತಾನು ಈಗಲೂ ಕ್ರೈಸ್ತನಲ್ಲವೆಂದು ತನ್ನ ದಿನಚರಿಯಲ್ಲಿ ಬರೆದುಕೊಂಡ. ಇದನ್ನು ಓದಿದಾಗ ನನಗೆ ನಿರಾಶೆಯಾಗಲಿಲ್ಲ, ಜೊತೆಗಾರನೊಬ್ಬ ಸಿಕ್ಕಂತಾಯಿತು. 1646ರಲ್ಲಿ ಇಂಗ್ಲೆಂಡಿನಲ್ಲಿ ಸಿದ್ಧವಾದ, ಪ್ರೊಟೆಸ್ಟೆಂಟ್ ನಂಬಿಕೆಗಳನ್ನು ವಿವರಿಸುವ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸ ಪ್ರಮಾಣವೂ, ನಿಜವಾದ ವಿಶ್ವಾಸಿ ಈ ನಿಶ್ಚಯಕ್ಕಾಗಿ ಬಹುಕಾಲ ಕಾಯಬೇಕಾಗಬಹುದೆಂದು ಒಪ್ಪಿಕೊಳ್ಳುತ್ತದೆ.

ಹಾಗೆಂದು, ಎಂದೋ ಕೈ ಎತ್ತಿದ್ದನ್ನೇ ನೆಪ ಮಾಡಿಕೊಂಡು ಮನಸ್ಸಿಗೆ ಬಂದಂತೆ ಬದುಕುವವರಿಗೆ ಯೋಹಾನನು ಯಾವ ಧೈರ್ಯವನ್ನೂ ಕೊಡುವುದಿಲ್ಲ. ಸಹೋದರನನ್ನು ದ್ವೇಷಿಸುತ್ತಾ ಬೆಳಕಿನಲ್ಲಿದ್ದೇನೆ ಎನ್ನುವವನು ಕತ್ತಲೆಯಲ್ಲೇ ಇದ್ದಾನೆಂದು ಅವನು ಖಂಡತುಂಡವಾಗಿ ಹೇಳುತ್ತಾನೆ. ಆದರೆ ಪ್ರೀತಿಯು ಜೀವವಿರುವುದಕ್ಕೆ ಗುರುತು, ಅದಕ್ಕೆ ತೆತ್ತ ಬೆಲೆಯಲ್ಲ. ಈ ವ್ಯತ್ಯಾಸ ನನಗೆ ಹಿಡಿತಕ್ಕೆ ಬರಲು ವರ್ಷಗಳೇ ಹಿಡಿದವು.

ಈಗಲೂ ಕೆಲವು ರಾತ್ರಿ ಹಳೆಯ ಅನುಮಾನ ಎದ್ದು ಕೂರುತ್ತದೆ. ಆಗ ನಾನು ಆರನೆಯ ತಾರೀಖು ಬರೆಯಹೋಗದೆ ಮಾರ್ಕನ ಸುವಾರ್ತೆಯ ಒಂಬತ್ತನೆಯ ಅಧ್ಯಾಯವನ್ನು ತೆರೆಯುತ್ತೇನೆ. ನಂಬುತ್ತೇನೆ, ನನಗೆ ನಂಬಿಕೆ ಕಡಿಮೆ, ಸಹಾಯಮಾಡು ಎಂದು ದೆವ್ವ ಹಿಡಿದ ಮಗನಿಗಾಗಿ ಯೇಸುವಿನ ಮುಂದೆ ಒಂದೇ ಉಸಿರಿನಲ್ಲಿ ಕೂಗಿಕೊಂಡ ತಂದೆಯೊಬ್ಬ ಅಲ್ಲಿದ್ದಾನೆ. ನಂಬಿಕೆಯನ್ನು ಗಟ್ಟಿಮಾಡಿಕೊಂಡು ಮತ್ತೆ ಬಾ ಎಂದು ಯೇಸು ಅವನನ್ನು ಕಳುಹಿಸಲಿಲ್ಲ. ನೆಲದ ಮೇಲೆ ಸತ್ತವನಂತೆ ಬಿದ್ದಿದ್ದ ಮಗನನ್ನು ಕೈಹಿಡಿದು ಎಬ್ಬಿಸಿದನು.