ನಾಲ್ಕೂ ಗೊಂಬೆಗೆ ಒಂದೇ ಮುಖ ಬಂತು

ನಿನ್ನೆ ರಾತ್ರಿ ಹನ್ನೊಂದಕ್ಕೆ ಅಚ್ಚು ಬಿಡಿಸಿದೆ. ನಾಲ್ಕಕ್ಕೂ ಅದೇ ಮೂಗು, ಅದೇ ತುಟಿ! ಮೂರು ವಾರ ಇದಕ್ಕೇ ಹೋಗಿತ್ತು.

ಈ ಸಲದ ಬೊಂಬೆ ಹಬ್ಬಕ್ಕೆ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಮೇಮಿ ಫಿಪ್ಸ್ ಕ್ಲಾರ್ಕ್ ಮತ್ತು ಕೆನೆತ್ ಕ್ಲಾರ್ಕ್ ದಂಪತಿಯ ಗೊಂಬೆ ಪರೀಕ್ಷೆಯನ್ನು ಒಂದು ಮೆಟ್ಟಿಲ ಮೇಲೆ ಕೂರಿಸಬೇಕು ಎನ್ನುವುದು ನನ್ನ ಹಟ. ಎರಡು ಕಂದು ಗೊಂಬೆ, ಎರಡು ಬಿಳಿ; ಮೈಮೇಲೆ ಬಿಳಿ ಡಯಾಪರ್ ಅಷ್ಟೆ. ಅರ್ಕಾನ್ಸಾ ಮತ್ತು ಮ್ಯಾಸಚೂಸೆಟ್ಸ್‌ನ 253 ಕಪ್ಪು ಮಕ್ಕಳ ಮುಂದೆ ಇವನ್ನಿಟ್ಟು ಕೇಳಿದರು. 'ಆಡೋಕೆ ಇಷ್ಟವಾದದ್ದು ಕೊಡು' ಅಂದರೆ 67% ಮಕ್ಕಳು ಬಿಳಿಯದನ್ನು ಕೊಟ್ಟರು. 'ಕೆಟ್ಟದಾಗಿ ಕಾಣೋದು' ಅಂದರೆ 59% ಕಂದು ಗೊಂಬೆ ಎತ್ತಿದರು. ಮೂರರಿಂದ ಏಳು ವರ್ಷದ ಮಕ್ಕಳು. ಓದಿದ ದಿನ ನನಗೆ ಊಟ ಸೇರಲಿಲ್ಲ.

ಗೊಂಬೆಗಳಲ್ಲಿ ಬಣ್ಣ ಬಿಟ್ಟರೆ ಬೇರೆ ವ್ಯತ್ಯಾಸ ಇರಬಾರದು. ಪರೀಕ್ಷೆಯ ಜೀವ ಅಲ್ಲೇ ಇದೆ. ನನ್ನ ಕಂದು ಗೊಂಬೆಗಳು ಕೆಟ್ಟದ್ದೂ ಅಲ್ಲೇ. ಬಿಳಿ ರೆಸಿನ್ (ಅಚ್ಚಿಗೆ ಸುರಿದರೆ ಗಟ್ಟಿಯಾಗುವ ದ್ರವ) ಮೇಲೆ ಕಂದು ಕೂರಲು ಮೂರು ಕೋಟ್ ಬೇಕಾಯಿತು. ತುಟಿಯ ಗೆರೆ ಮುಚ್ಚಿತು, ಕಣ್ಣಿನ ರೆಪ್ಪೆ ಊದಿಕೊಂಡಿತು. ಇವನ್ನು ಮಗುವಿನ ಮುಂದಿಟ್ಟರೆ ಅದು ಬಣ್ಣ ನೋಡಿ ಬೇಡ ಅಂದಿತೋ ಮುಖ ನೋಡಿಯೋ, ಹೇಗೆ ಹೇಳುವುದು? ಉಜ್ಜಿದೆ, ತೆಳು ಮಾಡಿದೆ, ಸ್ಪ್ರೇ ಹೊಡೆದೆ. ಆಗಲಿಲ್ಲ.

ಬಣ್ಣವನ್ನು ರೆಸಿನ್‌ಗೇ ಕಲಸೋಣ ಎಂದು ಪಿಗ್ಮೆಂಟ್ ತರಿಸಿದರೆ ಅಂಗಡಿಯವರು 'ಸ್ಕಿನ್ ಕಲರ್' ಡಬ್ಬಿ ಕಳಿಸಿದರು. ಗುಲಾಬಿ! ನಮ್ಮ ಮನೆಯಲ್ಲಿ ಯಾರ ಚರ್ಮವೂ ಆ ಬಣ್ಣದ್ದಲ್ಲ. ಕೊನೆಗೆ ಹಳದಿ, ಕೆಂಪು, ಚೂರೇ ಚೂರು ನೀಲಿ ಸೇರಿಸಿ ನಾನೇ ಕಂದು ಮಾಡಿಕೊಂಡೆ. ಮೊದಲ ಎರಕಕ್ಕೆ ಪಿಗ್ಮೆಂಟ್ ಜಾಸ್ತಿಯಾಗಿ ಎರಡು ದಿನವಾದರೂ ಅಂಟಂಟು. ತೂಕ ಹಾಕಿ ನೂರು ಗ್ರಾಂ ರೆಸಿನ್‌ಗೆ ಎರಡು ಗ್ರಾಂಗೆ ಇಳಿಸಿದ ಮೇಲೆ ಗಟ್ಟಿಯಾಯಿತು.

ಹಿಂದೆ ಹಾಕುವ ಫಲಕದಲ್ಲಿ ಮೇಮಿ ಹೆಸರೇ ಮೊದಲು. ಶಾಲೆಗಳಲ್ಲಿ ಕಪ್ಪು-ಬಿಳಿ ಮಕ್ಕಳನ್ನು ಬೇರ್ಪಡಿಸುವುದು ತಪ್ಪೆಂದ ಅಮೆರಿಕದ ಸುಪ್ರೀಂ ಕೋರ್ಟಿನ 1954ರ ಬ್ರೌನ್ ತೀರ್ಪಿನ ಮಾತು ಬಂದಾಗ ಜನ ಕೆನೆತ್‌ರನ್ನು ನೆನೆಯುತ್ತಾರೆ; ಆದರೆ ಈ ಕೆಲಸ ಮೊಳೆತದ್ದು ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಮೇಮಿ ಬರೆದ ಎಂ.ಎ. ಪ್ರಬಂಧದಲ್ಲಿ.

ಮುಂದಿನ ವರ್ಷಕ್ಕೆ ಕ್ಲಾರ್ಕ್ ದಂಪತಿಯದೇ ಬಣ್ಣ ತುಂಬುವ ಪರೀಕ್ಷೆ: ಎಲೆ, ಸೇಬು, ಕಿತ್ತಳೆ, ಇಲಿ, ಹುಡುಗ, ಹುಡುಗಿಯ ಗೆರೆಚಿತ್ರ, ಜೊತೆಗೆ 24 ಕ್ರೆಯಾನ್. 'ನಿನ್ನ ಬಣ್ಣ ಹಚ್ಚು' ಎಂದು ಅಲ್ಲಿ ಮಕ್ಕಳಿಗೆ ಹೇಳುತ್ತಿದ್ದರು. ತಿಳಿಗಂದಿನಿಂದ ಕಡುಗಂದಿನವರೆಗೆ ನಾಲ್ಕೈದು ಛಾಯೆ ಇರುವ ಡಬ್ಬಿ ಯಾರಿಗಾದರೂ ಸಿಕ್ಕಿದ್ದರೆ ತಿಳಿಸಿ, ಈಗಲೇ ತರಿಸಿಡುತ್ತೇನೆ.