ಟೈಮ್‌ಔಟ್ ಆದ ರಾತ್ರಿ ಸಮಾಜಶಾಸ್ತ್ರದ ಬಿ.ಎ. ಕೇಳಿದ ಪ್ರಶ್ನೆ

ಪೇಮೆಂಟ್ ಸರ್ವೀಸ್ ಬಿದ್ದಿತ್ತು, ಕೇಳಿದ್ದಕ್ಕೆ ಸಮಯದೊಳಗೆ ಉತ್ತರ ಬಾರದೆ ಟೈಮ್‌ಔಟ್ ಆಗುತ್ತಿತ್ತು. ಸೆವ್ 1, ಅಂದರೆ ಅತಿ ಗಂಭೀರ ದರ್ಜೆಯ ತೊಂದರೆ. ಬ್ರಿಜ್ ಕಾಲ್‌ನಲ್ಲಿ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಗ್ರಾಹಕರು ನೋಡುವ ಸ್ಟೇಟಸ್ ಪೇಜ್‌ಗೆ ಬೇಗ ಏನಾದರೂ ಹಾಕಿ ಅಂತ ಮ್ಯಾನೇಜರ್ ಗಂಟು ಬಿದ್ದಿದ್ದರು. ಡೆವಲಪರ್ ಒಬ್ಬರು ಚಾಟ್‌ನಲ್ಲಿ ಒಂದು ಸಾಲು ಕಳಿಸಿದರು: 'ಟೈಮ್‌ಔಟ್‌ನಿಂದ ಕೆಲವು ಪಾವತಿಗಳು ವಿಫಲವಾಗಿವೆ. ದಯವಿಟ್ಟು ಮತ್ತೆ ಪ್ರಯತ್ನಿಸಿ.' ಪಬ್ಲಿಷ್ ಒತ್ತುವುದೊಂದೇ ಬಾಕಿ.

ಆಗ ನಮ್ಮ ಡಾಕ್ಯುಮೆಂಟೇಶನ್ ತಂಡಕ್ಕೆ ಹೊಸದಾಗಿ ಸೇರಿದ್ದವರು ಅನ್‌ಮ್ಯೂಟ್ ಮಾಡಿದರು. ಅವರದು ಸಮಾಜಶಾಸ್ತ್ರದಲ್ಲಿ ಬಿ.ಎ. "ಸರ್, ಟೈಮ್‌ಔಟ್ ಅಂದ್ರೆ ದುಡ್ಡು ಹೋಗಿಲ್ಲ ಅಂತಾನಾ? ಇಲ್ಲಾ, ಹೋಗಿದೆಯೋ ಇಲ್ವೋ ನಮಗಿನ್ನೂ ಗೊತ್ತಿಲ್ಲ ಅಂತಾನಾ?"

ಯಾರೂ ಮಾತಾಡಲಿಲ್ಲ. ಯಾರೋ ಲಾಗ್ ತೆಗೆದರು. ಆ ಕಡೆ ದುಡ್ಡು ಕಡಿತ ಆಗಿತ್ತು, ಉತ್ತರ ಮಾತ್ರ ನಮಗೆ ಬಂದಿರಲಿಲ್ಲ. ಸಾಲದ್ದಕ್ಕೆ ರೀಟ್ರೈ ಮಾಡಿದಾಗಲೆಲ್ಲ ಹೊಸ ಐಡೆಂಪೊಟೆನ್ಸಿ ಕೀ (ಒಂದೇ ಪಾವತಿ ಎರಡು ಸಲ ಆಗದಂತೆ ತಡೆಯುವ ಗುರುತು) ಹುಟ್ಟುತ್ತಿತ್ತು, ಹಾಗಾಗಿ ಅದು ಬೇರೆ ಪಾವತಿ ಅಂತಲೇ ಲೆಕ್ಕವಾಗುತ್ತಿತ್ತು. ಆ ಸಾಲು ಹಾಕಿದ್ದರೆ, ನಮ್ಮ ಮಾತು ನಂಬಿ ಮತ್ತೆ ಒತ್ತಿದವರ ದುಡ್ಡು ಎರಡೆರಡು ಸಲ ಹೋಗುತ್ತಿತ್ತು. ಕೊನೆಗೆ ಆ ಹೊಸಬರೇ ಬರೆದರು: 'ಸದ್ಯಕ್ಕೆ ಮತ್ತೆ ಪಾವತಿಸಬೇಡಿ. ನಿಮ್ಮ ದುಡ್ಡು ಕಡಿತವಾಗಿದೆಯೇ ಎಂದು ನೋಡುತ್ತಿದ್ದೇವೆ.'

ಆಮೇಲೆ ಕೇಳಿದೆ, ಹೇಗೆ ಹೊಳೆಯಿತು ಅಂತ. ಸರ್ವೆ ಪಾಠದಲ್ಲಿ ಕಲಿತದ್ದಂತೆ: ಒಬ್ಬರು ಉತ್ತರ ಕೊಡಲಿಲ್ಲ ಅಂದರೆ ಅದನ್ನು 'ಇಲ್ಲ' ಅಂತ ಬರೆದುಕೊಳ್ಳಬಾರದು.

ಆರ್‌ಸಿಎಯಲ್ಲಿ, ಅಂದರೆ ತೊಂದರೆಯ ಮೂಲ ಕಾರಣ ಹೇಳುವ ವರದಿಯಲ್ಲಿ, ಅವರ ಹೆಸರೇ ಇರಲಿಲ್ಲ. ನಾನು ಹಠ ಹಿಡಿದು ಸೇರಿಸಿದೆ. ಇಷ್ಟಾದರೂ ಮುಂದಿನ ಜೆಡಿಯಲ್ಲಿ (ಕೆಲಸದ ವಿವರ, ಅರ್ಹತೆ ಹೇಳುವ ಪ್ರಕಟಣೆ) ಎಚ್‌ಆರ್ 'ಎಂಜಿನಿಯರಿಂಗ್ ಪದವಿ ಕಡ್ಡಾಯ' ಅಂತ ಹಾಕಿದರು. ಇಂಥ ಫಿಲ್ಟರ್ ಇದ್ದರೆ ಅವರ ರೆಸ್ಯೂಮೆ ನನ್ನ ಕಣ್ಣಿಗೇ ಬೀಳುತ್ತಿರಲಿಲ್ಲ. ನನಗೆ ನಿಜಕ್ಕೂ ಸಿಟ್ಟು ಬರುವುದು ಇಲ್ಲೇ. ಆಫೀಸ್ ಚಾಟ್ ಆ್ಯಪ್ ಸ್ಲ್ಯಾಕ್ ಕಟ್ಟಿದವರಲ್ಲಿ ಒಬ್ಬರಾದ ಸ್ಟುವರ್ಟ್ ಬಟರ್‌ಫೀಲ್ಡ್ ಓದಿದ್ದು ತತ್ವಶಾಸ್ತ್ರ. 2014ರಿಂದ 2023ರವರೆಗೆ ಯೂಟ್ಯೂಬ್ ನಡೆಸಿದ ಸೂಸನ್ ವೊಜ್ಸಿಕಿ ಓದಿದ್ದು ಇತಿಹಾಸ ಮತ್ತು ಸಾಹಿತ್ಯ. ಸ್ಲ್ಯಾಕ್‌ನಲ್ಲೇ ದಿನವಿಡೀ ಚಾಟ್ ಮಾಡುತ್ತಾ ಇಂಥ ಜೆಡಿ ಬರೆಯುತ್ತಾರಲ್ಲ!

ಬಿ.ಎ. ಮುಗಿಸಿದವರು 'ಬಿ.ಎ. ಜಾಬ್ಸ್' ಅಂತ ಹುಡುಕಿದರೆ ಹೆಚ್ಚೇನೂ ಸಿಗಲ್ಲ. ಕೆಲಸದ ಹೆಸರು ಹಾಕಿ ಹುಡುಕಿ. ಟೆಕ್ನಿಕಲ್ ರೈಟರ್, ಯುಎಕ್ಸ್ ರೈಟರ್ (ಆ್ಯಪ್‌ನ ಒಳಗಿನ ಸೂಚನೆ, ಬಟನ್‌ಗಳ ಮಾತು ಬರೆಯುವವರು), ಲೋಕಲೈಸೇಶನ್ (ಬೇರೆ ಭಾಷೆಗೆ ಒಗ್ಗಿಸುವ ಕೆಲಸ), ಟ್ರೈನಿಂಗ್ ಕಂಟೆಂಟ್, ಸಪೋರ್ಟ್ ನಾಲೆಡ್ಜ್ ಬೇಸ್ (ಗ್ರಾಹಕರ ಪ್ರಶ್ನೆಗಳಿಗೆ ಉತ್ತರಗಳ ಸಂಗ್ರಹ). ಮನಃಶಾಸ್ತ್ರ, ಸಮಾಜಶಾಸ್ತ್ರ ಓದಿದವರಿಗೆ ಯುಎಕ್ಸ್ ರಿಸರ್ಚ್ (ಜನ ಆ್ಯಪ್ ಹೇಗೆ ಬಳಸುತ್ತಾರೆ ಅನ್ನುವ ಅಧ್ಯಯನ), ಮಾರ್ಕೆಟ್ ರಿಸರ್ಚ್ ಹತ್ತಿರ. ಇತಿಹಾಸದವರಿಗೆ ಫ್ಯಾಕ್ಟ್ ಚೆಕಿಂಗ್, ಆರ್ಕೈವ್ಸ್ (ಹಳೆಯ ದಾಖಲೆಗಳ ಸಂಗ್ರಹ). ಆರ್ಕೈವ್ಸ್‌ಗೆ ಸಾಮಾನ್ಯವಾಗಿ ಮುಂದೆ ಓದಬೇಕಾಗುತ್ತದೆ, ಅದನ್ನು ಮೊದಲೇ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಡಿಗ್ರಿ ಒಂದೇ ಸಾಕು ಅಂತ ನಾನು ಹೇಳಲ್ಲ. ನಮ್ಮ ತಂಡಕ್ಕೆ ಮಾರ್ಕ್‌ಡೌನ್ (ಸರಳ ಗುರುತುಗಳಿಂದ ಬರಹ ಜೋಡಿಸುವ ರೀತಿ), ಗಿಟ್ (ಫೈಲ್‌ನ ಬದಲಾವಣೆಗಳ ದಾಖಲೆ ಇಡುವ ಸಾಫ್ಟ್‌ವೇರ್) ಬರಬೇಕು. ರಿಸರ್ಚ್ ಕಡೆ ಹೋಗುವವರಿಗೆ ಎಕ್ಸೆಲ್ ಚೆನ್ನಾಗಿ ಬರಬೇಕು, ಡೇಟಾಬೇಸ್‌ನಿಂದ ಮಾಹಿತಿ ತೆಗೆಯುವ ಭಾಷೆ ಎಸ್‌ಕ್ಯೂಎಲ್ ಗೊತ್ತಿದ್ದರೆ ಇನ್ನೂ ಒಳ್ಳೆಯದು. ಇವೆಲ್ಲ ಕೂತು ಕಲಿತರೆ ಬರುವಂಥವು.

ರೆಸ್ಯೂಮೆಯಲ್ಲಿ 'ಉತ್ತಮ ಸಂವಹನ ಕೌಶಲ' ಅಂತ ಬರೆಯಬೇಡಿ, ಎಲ್ಲರೂ ಬರೆಯುತ್ತಾರೆ. ನೀವೇ ಬಳಸುವ ಒಂದು ಆ್ಯಪ್‌ನ ಹೆಲ್ಪ್ ಪೇಜ್ ತೆಗೆದುಕೊಳ್ಳಿ. ಓದುವವರು ಎಲ್ಲಿ ಎಡವುತ್ತಾರೆ ಅಂತ ಇಬ್ಬರು ಮೂವರ ಪಕ್ಕ ಕೂತು ನೋಡಿ. ಆಮೇಲೆ ತಿದ್ದಿ ಬರೆಯಿರಿ. ಹಳೆಯದು, ಹೊಸದು, ಯಾಕೆ ಬದಲಿಸಿದಿರಿ ಅನ್ನುವುದು, ಮೂರನ್ನೂ ಒಂದೇ ಫೈಲ್‌ನಲ್ಲಿ ಕಳಿಸಿ. ಇಂಟರ್‌ವ್ಯೂನಲ್ಲಿ ನಾನು ಜಾಸ್ತಿ ಹೊತ್ತು ಕೇಳುವುದು ಆ ಮೂರನೆಯದರ ಬಗ್ಗೆ.